ಹುಳುಮನೆಯಲ್ಲಿ ಎರಡನೇ ಅಧ್ಯಾಯ

"ಸರಿಯಾಗೇ ಬರ್ದವ್ನೆ ಕಣಮ್ಮ," ಎಂದರು ಆಂಜಿನಮ್ಮ, ರೇಷ್ಮೆಹುಳುಗಳ ತಟ್ಟೆಗೆ ಸೊಪ್ಪು ಉದುರಿಸುತ್ತಾ. "ಹುಳ ಸಾಕಿದೋನೇ ಇವ್ನು."

ಸೊಸೆ ನಾಗವೇಣಿ ಓದುವುದನ್ನು ನಿಲ್ಲಿಸಿದಳು. ಟ್ರಾನ್ಸಿಸ್ಟರಿನ ಸೆಲ್ಲು ಮುಗಿದಿತ್ತೆಂದು, ಮೇಲೂರಿನ ಲೈಬ್ರರಿಯಿಂದ ತಂದ ಕಾದಂಬರಿಯನ್ನು ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದಳು. ಅದರಲ್ಲಿ ಯಾರಿಗೂ ಹೆಸರಿರಲಿಲ್ಲ, ಬರೀ ನಂಬರು. ಹೊತ್ತುಹೊತ್ತಿಗೆ ಊಟ. ಹೊರಗಿನವರು ಒಳಗೆ ಬರುವಂತಿಲ್ಲ. ಕಾಯಿಲೆ ಬಿದ್ದದ್ದನ್ನು ಆರಿಸಿ ಆಚೆ ಹಾಕುವುದು. ಬಲಿತ ಮೇಲೆ ಒಂದೊಂದಕ್ಕೂ ಒಂದೊಂದು ಬಿಳೀ ಕೋಣೆ. ಎರಡನೇ ಅಧ್ಯಾಯ ಅಲ್ಲಿಗೆ ಬಂದಿತ್ತು.

"ಗೂಡು ಕಟ್ಟಿದ್ಮೇಲೆ ಬಿಸಿನೀರಿಗೆ ಹಾಕ್ತಾರಲ್ಲ, ಅದನ್ನೂ ಬರ್ದವ್ನಾ?"

ನಾಗವೇಣಿಗೆ ಪುಟ ತಿರುಗಿಸಲು ಧೈರ್ಯ ಬರಲಿಲ್ಲ. "ಅತ್ತೆ, ಇದು ರೇಷ್ಮೆ ಇಲಾಖೆಯವ್ರು ಕೊಡೋ ಪುಸ್ತಕ ಅಲ್ಲ, ಕಥೆ. ಇವ್ರೆಲ್ಲ ಮನುಷ್ಯರು."

ಆಂಜಿನಮ್ಮನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಕೆಳಗೆ ಸೊಪ್ಪಿಗಾಗಿ ನೂರಾರು ಹುಳುಗಳು ಒಟ್ಟಿಗೇ ತಲೆಯೆತ್ತಿದ್ದವು. ಅವರು ಅವುಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಸೂರಿನ ಕಡೆಗೊಮ್ಮೆ ಕಣ್ಣೆತ್ತಿದರು.

"ಹಂಗಾದ್ರೆ," ಎಂದರು ಮೆಲ್ಲಗೆ, "ಅವ್ರಿಗೆ ಸೊಪ್ಪು ಹಾಕ್ತಿರೋರು ಯಾರಮ್ಮ?"