ಚಿಗುರಿದ ಬಾಗಿಲು

ಕಾಡಿನಿಂದ ಕದ್ದು ಕಡಿದ ಮರದ ಸಾಮಾನೆಲ್ಲ ಮನೆಯೊಳಗೇ ಚಿಗುರತೊಡಗಿದ ಮೇಲೆ, ಧಾರವಾಡದಲ್ಲಿ ಹೆಣ್ಣಿನ ಕಡೆಯವರು ವರನ ಸಂಬಳ ಕೇಳುವ ಮೊದಲು ಮಂಚದ ಅಡಿ ಬಗ್ಗಿ ನೋಡುತ್ತಿದ್ದರು. ಚಿಗುರಿದ್ದನ್ನು ಕಾಡಿಗೆ ಒಯ್ದು ನೆಟ್ಟುಬರಬೇಕೆಂಬುದು ಕಾನೂನು. ಬಚ್ಚಿಟ್ಟರೆ ಜೈಲು.

ವಧು ಶಾಂಭವಿಯನ್ನೂ ಕರೆದುಕೊಂಡು ಬಂದಿದ್ದ ಅವಳ ಸೋದರತ್ತೆ ನೀಲಮ್ಮ, ವರ ಪ್ರಭುಲಿಂಗನ ಮನೆಯ ಕುರ್ಚಿ, ಕಪಾಟು, ಕಡೆಗೆ ಲಟ್ಟಣಿಗೆಯನ್ನೂ ಪರೀಕ್ಷಿಸಿ ಒಪ್ಪಿದರು. ಹೊರಡುವಾಗ ಹೊಸ್ತಿಲಲ್ಲಿ ನಿಂತುಬಿಟ್ಟರು. ತಲೆಬಾಗಿಲ ತುಂಬ ಮಾವಿನ ತೋರಣ. ನಡುವೆ ಮೊರದಗಲದ ಒಂದು ಎಲೆ.

“ಅಕ್ಕಾರ, ಮಾವಿನ ತೋರಣದಾಗ ಸಾಗವಾನಿ ಎಲಿ ಹೆಂಗ ಬಂತ್ರಿ?”

“ಗಾಳಿಗೆ ಬಂದಿರಬೇಕ್ರೀ,” ಎಂದರು ವರನ ತಾಯಿ.

ನೀಲಮ್ಮ ಎಲೆ ಹಿಡಿದು ಎಳೆದರು. “ಗಾಳಿಗೆ ಬಂದದ್ದು ಜಗ್ಗಿದ್ರೂ ಬರವಲ್ದಲ್ರೀ!”

ಪ್ರಭುಲಿಂಗ ತಾನೇ ತೋರಣ ಕಿತ್ತ. ಬಾಗಿಲೆಲ್ಲ ಹಸಿರಾಗಿತ್ತು. “ಸಸ್ತಾ ಸಿಕ್ತು ಅಂತ ಅಪ್ಪ ತಂದಿದ್ರು. ದಿನಾ ಮುಂಜಾನೆ ಅವ್ವ ಚಿಗುರು ಚಿವುಟ್ತಾಳ, ಸಂಜಿ ಅನ್ನೂದ್ರಾಗ ಮತ್ತ ಹಿಂಗ ಬೆಳೀತೈತಿ. ನನಗಂತೂ ಸಾಕಾಗೇತ್ರಿ. ನಾಳೆನ ಕಾಡಿಗೆ ಒಯ್ತೀನಿ.”

“ಬಾಗಲಿಲ್ಲದ ಮನಿಗೆ ನಮ್ಮ ಹುಡುಗೀನ ಕೊಡೂದಿಲ್ಲ,” ಎಂದರು ನೀಲಮ್ಮ.

ಶಾಂಭವಿ ಎಲೆಯನ್ನೊಮ್ಮೆ ಸವರಿದಳು. ಪ್ರಭುಲಿಂಗನ ಕಡೆ ತಿರುಗಿ, “ಗಾಡಿಯಾಗ ನನಗೂ ಜಾಗ ಐತೇನ್ರೀ? ಇಷ್ಟು ದೊಡ್ಡ ಬಾಗಲಾ ಒಬ್ಬರ ಕೈಲೆ ನೆಡಾಕ ಆಗೂದಿಲ್ಲ,” ಎಂದಳು.

ನೀಲಮ್ಮ ಸೋದರಸೊಸೆಯ ಮುಖ ನೋಡಿದರು. ಆಮೇಲೆ ಮೊಳ ಹಾಕಿ ಬಾಗಿಲ ಅಗಲ ಅಳೆಯತೊಡಗಿದರು.

“ಪರದೆ ನಾನ ಹೊಲಿಸಿ ಕೊಡ್ತೀನಿ. ಹಸರು ಬಣ್ಣದ್ದು ಮಾತ್ರ ಬ್ಯಾಡ.”