ಆಷಾಢದ ಬೀಸುಕಲ್ಲು

ಹಳ್ಳದ ಆಚೆ ದಂಡೆಯ ಗುಡಿಸಲಲ್ಲಿ ಬೀಸುಕಲ್ಲು ತಿರುಗುತ್ತಲೇ ಇತ್ತು. ಈಚೆ ದಂಡೆಯಲ್ಲಿ ಅಮೋಘಸಿದ್ದಪ್ಪ ನಸುಕಿನ ಚಳಿಗೆ ಕಂಬಳಿಯನ್ನೂ ಹೊದೆಯದೆ ಕುಕ್ಕರುಗಾಲಲ್ಲಿ ಕೂತು ಅದಕ್ಕೆ ಕಿವಿ ಕೊಟ್ಟಿದ್ದ. ಅಜ್ಜಿ ಬಾಯವ್ವ ಬಂದು ಬೆನ್ನ ಹಿಂದೆ ನಿಂತಳು. ತಾನೂ ಆಲಿಸಿದಳು.

"ಆ ಕಲ್ಲಿನ ಬಾಯಾಗ ಕಾಳಿಲ್ಲೋ ತಮ್ಮಾ. ಕಲ್ಲ ಕಲ್ಲನ್ನ ತಿನ್ನಾಕ ಹತ್ತೈತಿ. ಬರಿಗಲ್ಲ ತಿರಗಬಾರದು, ಮನಿಗೆ ಛಲೋ ಅಲ್ಲ."

"ಗೊತ್ತೈತಿ, ಸುಮ್ನಿರ ಬೇ ಆಯಿ!"

"ನನ್ನ ಮ್ಯಾಲ ಯಾಕ ಹಾರ್ತಿ? ಹಂಗ ತಿರಗೂ ಹಂಗ ಮಾಡಿದಾಂವ ನೀನ."

ಹೌದು, ಮಾಡಿದವನು ಅವನೇ. ಮದುವೆಯಾದ ಮೊದಲ ಆಷಾಢವೆಂದು ಹೆಂಡತಿ ಶಟ್ಟೆವ್ವ ತವರಿಗೆ ಹೋಗಿದ್ದಳು. ಹೋದ ಬೆನ್ನಿಗೇ ಎರಡೂ ಊರಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗಿಗೆ ಹೆದರಿದ ಜನ ಬಾಗಿಲಿಗೆ ಮುಳ್ಳು ಬಡಿದು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಅವಳ ಊರವರು ಹಳ್ಳದ ಆಚೆ, ಇವನ ಊರವರು ಈಚೆ. ನೀರು ಮೊಣಕಾಲುದ್ದ. ದಾಟಬಾರದೆಂಬುದು ಮಾತ್ರ ಸರಕಾರದ ಹುಕುಂ. ದಾಟಿದವನನ್ನಷ್ಟೇ ಅಲ್ಲ, ಅವನು ಹೊಕ್ಕ ಗುಡಿಸಲಿನವರನ್ನೆಲ್ಲ ಬೇನೆಯವರನ್ನು ಕೂಡಿಹಾಕುವ ಪ್ಲೇಗಿನ ಶಿಬಿರಕ್ಕೆ ಒಯ್ಯುತ್ತಿದ್ದರು. ಅಲ್ಲಿಂದ ನಡೆದು ಬಂದವರನ್ನು ಯಾರೂ ಕಂಡಿರಲಿಲ್ಲ. ಮೊಣಕಾಲುದ್ದ ನೀರಿನ ಮುಂದೆ ಕೂತು ಹಲ್ಲು ಕಡಿಯುವುದೇ ಅವನಿಗೆ ಉದ್ಯೋಗವಾಯಿತು.

ಹೊಸ ಮದುವಣಗಿತ್ತಿ ಹಿರಿಯರೆದುರು ಗಂಡನಿಗೆ ಕೂಗಿ ಮಾತಾಡುವಂತಿಲ್ಲ. ಹಾಗಾಗಿ ಅವಳು ಬೀಸುವ ಸದ್ದೇ ಅವಳ ಮಾತಾಗಿತ್ತು. ಸಣ್ಣವಳಿದ್ದಾಗ ಮುರಿದು ಸೊಟ್ಟಗೆ ಕೂಡಿದ ಬಲ ಮಣಿಕಟ್ಟು ಅವಳದು. ಅವಳು ಕೂತರೆ ಕಲ್ಲು ಒಂದಿಷ್ಟು ತಿರುಗಿ ಎಡವುತ್ತಿತ್ತು, ಕೈ ಬದಲಾದ ಮೇಲೆ ಮತ್ತೆ ಹೊರಡುತ್ತಿತ್ತು. ಆ ಎಡವಿದ ಸದ್ದು ಕಿವಿಗೆ ಬಿದ್ದ ದಿನ ಅಮೋಘಸಿದ್ದಪ್ಪನಿಗೆ ರೊಟ್ಟಿ ಸೇರುತ್ತಿತ್ತು. ಕೇಳಿ ಕೇಳಿ ಹೊಟ್ಟೆಯೂ ಉರಿಯುತ್ತಿತ್ತು. ಅಷ್ಟು ಮಂದಿಯ ಹಿಟ್ಟು ಆ ಸೊಟ್ಟ ಕೈಯೊಂದರಿಂದಲೇ ಬರಬೇಕೇ?

ಮಾಸ್ತರರ ಛಡಿ ಮುರಿದು ಸಾಲಿ ಬಿಟ್ಟವನು. ಅವನ ಬುದ್ಧಿಯೆಲ್ಲ ಕೈಯಲ್ಲಿತ್ತು. ಹಳೆಯ ಮೊರ ನಾಲ್ಕು ತಂದು, ಒಂದರ ಬೆನ್ನಿಗೆ ಇನ್ನೊಂದರ ಬಾಯಿ ಬರುವಂತೆ ಬಿದಿರ ಗಳುವಿನ ತುದಿಗೆ ಸುತ್ತ ಕಟ್ಟಿದ. ಗಳುವಿನ ಬುಡಕ್ಕೊಂದು ಅಡ್ಡಕೋಲು ಕಟ್ಟಿ, ಅದನ್ನು ಬೀಸುಕಲ್ಲಿನ ಗೂಟಕ್ಕೆ ಕಬ್ಬಿಣದ ಕೊಂಡಿಯಿಂದ ಬಿಗಿದ. ಗಳು ಗುಡಿಸಲಿನ ಮಾಡು ತೂರಿ ಮೇಲೆ ನಿಂತರೆ, ಆಷಾಢದ ಗಾಳಿ ಮೊರ ತಳ್ಳುತ್ತದೆ, ಮೊರ ಕಲ್ಲನ್ನು ತಿರುಗಿಸುತ್ತದೆ. ತನ್ನ ಗುಡಿಸಲಲ್ಲೇ ನಿಲ್ಲಿಸಿ ನೋಡಿ, ಬಿಚ್ಚಿ, ನಡುನೀರಿನ ಬಂಡೆಯ ಮೇಲಿಟ್ಟು ಬಂದ. ಅಷ್ಟಕ್ಕೆ ದಂಡೆಯ ಕಾವಲಿನವರು ಬಿಡುತ್ತಿದ್ದರು. ಆಚೆಯವರು ಅದನ್ನೊಯ್ದು ತಮ್ಮ ಕಲ್ಲಿಗೆ ಕಟ್ಟಿಕೊಂಡರು.

"ಭಾಳ ಛಲೋ ಮಾಡೀರಿ ಅಳಿಯಾರ," ಎಂದು ಮಾವ ಮುದಕಪ್ಪ ಬಂಡೆಯ ಹತ್ತಿರ ಬಂದು ಕೂಗಿದ್ದ. "ಸಾಕಾದಾಗ ನಿಲ್ಲಸೂದು ಹೆಂಗ್ರೀ?"

"ನಿಲ್ಲಸೂದ್ಯಾಕ್ರಿ? ಬೀಸಾಕಂತ ಮಾಡೇನಿ!"

ನಿಲ್ಲಿಸುವ ಉಪಾಯ ಅವನಿಗೆ ಹೊಳೆದೇ ಇರಲಿಲ್ಲ. ಗಾಳಿ ಹಗಲಿರುಳು ಬೀಸಿತು, ಕಲ್ಲು ಹಗಲಿರುಳು ತಿರುಗಿತು. ಎಲ್ಲಿಯೂ ಎಡವಲಿಲ್ಲ. ಮೊದಮೊದಲು ಅವನಿಗೆ ಹೆಮ್ಮೆಯೋ ಹೆಮ್ಮೆ. ಆಮೇಲೊಂದು ದಿನ ಆಚೆಯ ಗುಡಿಸಲುಗಳ ಕಡೆಯಿಂದ ಹೆಣ ಎತ್ತಿದರು. ಯಾರದೆಂದು ಕಾವಲಿನವರಿಗೂ ತಿಳಿಯದು. ಆಚೆಯವರು ಬಂಡೆಗೆ ಬರುವುದೂ ಬಂದಾಯಿತು. ಕಲ್ಲಿಗೇನು, ಅದು ತಿರುಗುತ್ತಲೇ ಇತ್ತು.

ಅಮೋಘಸಿದ್ದಪ್ಪ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದ. "ಮಾವಾರ! ಏ ಮುದಕಪ್ಪ ಮಾವಾರ!"

"ಗಾಳಿ ಆ ಕಡಿಂದ ಈ ಕಡಿಗೆ ಐತಿ. ನಿನ್ನ ದನಿ ನಿನ್ನ ಬಾಯಿಗೇ ತುರಕತೈತಿ ನೋಡು," ಎಂದಳು ಬಾಯವ್ವ.

"ಅಕಿ ಅದಾಳೋ ಇಲ್ಲೋ ಆಯಿ?"

"ಕಲ್ಲ ತಿರಗತೈತಲ್ಲೋ."

"ಅಕಿ ಇಲ್ಲದಿದ್ರೂ ತಿರಗತೈತಿ ಬೇ ಅದು! ಹಂಗ ಮಾಡೇನಿ ನಾನು!"

ಅಂದವನೇ ಗುಡಿಸಲಿಗೆ ನುಗ್ಗಿ ಹಕ್ಕಿ ಹೊಡೆಯುವ ಕವಣೆ ತಂದ. ಬಾಯವ್ವ ಅವನ ರಟ್ಟೆ ಹಿಡಿದಳು. "ಹುಚ್ಚಪ್ಯಾಲಿ, ಅಕಿ ಕೈ ನೋಯಬಾರದಂತ ಮಾಡಿದ್ದೆಲ್ಲೋ ಅದನ್ನ?" ಅವನು ಕೊಸರಿಕೊಂಡ. ಮೊದಲ ಕಲ್ಲು ಹೊಲಕ್ಕೆ ಬಿತ್ತು. ಇನ್ನೊಂದು ಮೊರ ತೂರಿ ಹೋಯಿತು. ಸರಕಾರಕ್ಕೆ, ಬೇನೆಗೆ, ಗಾಳಿಗೆ, ತನ್ನ ಕೈಗೆ, ಎಲ್ಲಕ್ಕೂ ಬೈಯುತ್ತ ಬೀಸಿ ಬೀಸಿ ಒಗೆದ. ಕಡೆಗೊಂದು ಗಳುವಿಗೇ ಬಡಿಯಿತು. ಬಿದಿರು ಸೀಳಿತು, ಮೊರಗಳು ಒಂದರ ಮೇಲೊಂದು ಮಾಡಿಗೆ ಕುಸಿದವು.

ಕಲ್ಲು ನಿಂತಿತು.

ಗುಡಿಸಲಿನಿಂದ ಯಾರೂ ಹೊರಗೆ ಬರಲಿಲ್ಲ. ಯಾರೂ ಬೈಯಲಿಲ್ಲ. ಬಾಗಿಲ ತಟ್ಟಿ ಅಲುಗಲಿಲ್ಲ. ಬಾಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮೋಘಸಿದ್ದಪ್ಪನ ಕೈಯಲ್ಲಿ ಕವಣೆ ಜೋತು ಬಿದ್ದಿತ್ತು. ಗಾಳಿ ಬರುತ್ತಿತ್ತು, ಅದರಲ್ಲಿ ಏನೂ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಗರ್ ಎಂದಿತು. ಕಾಳು ತುಂಬಿದ ಬಾಯಿಯ ಭಾರದ ಸದ್ದು. ಕಲ್ಲು ಮೆಲ್ಲಗೆ ಹೊರಟಿತು, ಒಂದಿಷ್ಟು ತಿರುಗಿತು. ಎಡವಿತು. ಮತ್ತೆ ಹೊರಟಿತು.

ಅವನು ಹಸಿಮಣ್ಣಿನಲ್ಲಿ ಹಾಗೇ ಕೂತುಬಿಟ್ಟ.

"ಅಯ್ಯ ನನ್ನ ಕೂಸ, ಕೈ ಎಷ್ಟ ನೋಯತೈತೋ ಏನೋ," ಎಂದಳು ಬಾಯವ್ವ.

"ನೋಯಲಿ ಬೇ," ಎಂದ ಅಮೋಘಸಿದ್ದಪ್ಪ. "ನೋಯಲಿ. ನಿಲ್ಲಸೂದು ಬ್ಯಾಡ."