ಕೊತ್ತಂಬರಿ ನೇಜಿ

ಬೇರಿಗೆ ಮಣ್ಣು ಅಂಟಿದ ಕೊತ್ತಂಬರಿ ಕಟ್ಟಿನ ವಾಸನೆ ಮೂಗಿಗೆ ತಾಗಿದರೆ ಸಾಕು, ಗಲ್ಫಿನಲ್ಲಿ ಮದೀನತ್ ಖಲೀಫಾದ ನಮ್ಮ ಹಳೆಯ ಮನೆಯ ಆ ಮಧ್ಯಾಹ್ನ ಇಂದಿಗೂ ನನ್ನನ್ನು ಬಿಡುವುದಿಲ್ಲ.

ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿಯನ್ನು ಸೋಫಾದ ಮೇಲೆ ಕೂರಿಸಿ ಅಪ್ಪ ಎದುರಿಗೆ ಮೊಬೈಲ್ ಹಿಡಿದಿದ್ದರು. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹೇಳುತ್ತಿದ್ದ ತುಳು ಹಾಡು ಪೂರ್ತಿ ಗೊತ್ತಿದ್ದವಳು ಊರಿನಲ್ಲಿ ಅವಳೊಬ್ಬಳೇ ಉಳಿದಿದ್ದಳಂತೆ.

"ಯಲ್ಲಾ ಅಮ್ಮ, ಹೇಳಿ. ರೆಕಾರ್ಡ್ ಆಗ್ತಾ ಉಂಟು."

ಅಜ್ಜಿ ಬಾಯಿ ತೆರೆದಳು, ಮುಚ್ಚಿದಳು. "ಕೂತ್ಕೊಂಡ್ರೆ ಹೇಗೆ ಬರ್ತದೆ ಮಾರಾಯ? ಅದು ಬಗ್ಗಿ ಹೇಳುವ ಹಾಡು."

ಎದ್ದು ಹೋಗಿ ಅಡುಗೆಮನೆಯಿಂದ ಕೊತ್ತಂಬರಿ ಕಟ್ಟು ತಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾರ್ಪೆಟ್ಟಿನ ಮೇಲೆ ಒಂದೊಂದೇ ಗಿಡ ಊರುತ್ತ ಹಿಂದೆ ಹಿಂದೆ ಸರಿದಳು. ಹಾಡು ತಾನಾಗಿ ಬಂತು. ಒಂದು ಸಾಲು ಹೇಳಿ ನಿಲ್ಲಿಸಿ ನಮ್ಮತ್ತ ನೋಡಿದಳು.

"'ಓ ಬೇಲೆ' ಅನ್ನಿ. ಯಾರೂ ಓಗೊಡದಿದ್ರೆ ನಾನು ಮುಂದೆ ಹೋಗುವುದು ಹೇಗೆ?"

"ನಮ್ಮ ಸ್ವರ ಸೇರಿದ್ರೆ ರೆಕಾರ್ಡಿಂಗ್ ಹಾಳಾಗ್ತದೆ. ನೀವೊಬ್ರೇ ಹೇಳಿ," ಎಂದ ಅಪ್ಪ ನನ್ನ ಕಡೆ ತಿರುಗಿ ತುಟಿಗೆ ಬೆರಳಿಟ್ಟರು. ನಾಲಿಗೆಯ ತುದಿಗೆ ಬಂದಿದ್ದನ್ನು ನಾನು ನುಂಗಿದೆ.

ಪ್ರತಿ ಸಾಲಿನ ಕೊನೆಗೂ ಅಜ್ಜಿ ಕಾದಳು. ಎಸಿ ಮಾತ್ರ ಗುಂಯ್ ಎನ್ನುತ್ತಿತ್ತು.

"ಖಲಾಸ್, ಸೇವ್ ಆಯ್ತು. ಕೇಳಿ," ಎಂದು ಅಪ್ಪ ಮೊಬೈಲನ್ನು ಅವಳ ಕೈಗಿತ್ತರು. ಊರಿನ ಫೋನು ಬಂದಾಗ ಮಾಡುವಂತೆ ಅಜ್ಜಿ ಅದನ್ನು ಕಿವಿಗೆ ಒತ್ತಿಕೊಂಡಳು. ಒಳಗಿನ ಸ್ವರ ಒಂದು ಸಾಲು ಹೇಳಿ ನಿಂತಿತು.

ಗದ್ದೆಯ ಆಚೆ ಬದಿಯಿಂದ ಯಾರೋ ಕರೆದರೆಂಬಂತೆ ಅಜ್ಜಿ ಗಡಬಡಿಸಿ, "ಓ ಬೇಲೆ" ಎಂದಳು.